ಮುಳುಗಿದ ಮೊಟ್ಟೆಯೆಲ್ಲ ಒಳ್ಳೆಯದಲ್ಲ

ಶಿವಮೊಗ್ಗದ ದುರ್ಗಿಗುಡಿಯಲ್ಲಾಗಲಿ, ಭದ್ರಾವತಿಯ ಹೊಸಮನೆಯಲ್ಲಾಗಲಿ, ಮೊಟ್ಟೆ ಮಾರುವ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಒಂದೇ ಮಾತುಕತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ‘ಏನಣ್ಣ, ಮೊಟ್ಟೆ ಹೊಸದಾ?’ ‘ಬೆಳಿಗ್ಗೆ ಬಂದಿದ್ದು ಕಣಕ್ಕ.’ ಕೇಳಿದವರದೂ ತಪ್ಪಿಲ್ಲ, ಹೇಳಿದವರದೂ ಸುಳ್ಳಲ್ಲ. ಆದರೆ ಇಬ್ಬರೂ ಮಾತಾಡುತ್ತಿರುವುದು ಬೇರೆ ಬೇರೆ ಸಂಗತಿಯನ್ನು. ಅಕ್ಕ ಕೇಳಿದ್ದು ಕೋಳಿ ಮೊಟ್ಟೆಯಿಟ್ಟದ್ದು ಯಾವಾಗ ಎಂದು. ಅಣ್ಣ ಹೇಳಿದ್ದು ಗಾಡಿ ಬಂದದ್ದು ಯಾವಾಗ ಎಂದು. ಈ ಎರಡರ ನಡುವೆ ಫಾರಂ, ಸಗಟು ವ್ಯಾಪಾರಿ, ಗೋದಾಮು, ಹೆದ್ದಾರಿ ಎಲ್ಲವೂ ಬಂದುಹೋಗಿರುತ್ತವೆ. ಪೆಟ್ಟಿಗೆಯಲ್ಲಿ ಕಟ್ಟಿ ಮಾರುವ ಬ್ರಾಂಡಿನ ಮೊಟ್ಟೆಗೆ ತಾರೀಕು ಹಾಕಿರುತ್ತಾರೆ. ಮೂವತ್ತರ ಟ್ರೇಯಿಂದ ಎಣಿಸಿಕೊಡುವ ಬಿಡಿ ಮೊಟ್ಟೆಗೆ ಹುಟ್ಟಿದ ದಿನ ಇಲ್ಲ.

ಹಾಗಾಗಿ ಮೊಟ್ಟೆ ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬ ತೀರ್ಮಾನ ಕೊನೆಗೆ ಬಂದು ನಿಲ್ಲುವುದು ಅಡುಗೆಮನೆಯಲ್ಲಿ. ಈಗೀಗ ಅದು ಬರೀ ಮನೆಯ ಅಡುಗೆಮನೆಯ ಪ್ರಶ್ನೆಯೂ ಅಲ್ಲ. ರಾಜ್ಯದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟಕ್ಕೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಂದ ಮೊದಲಾಗಿ ಮೊಟ್ಟೆ ಬಂತು. ಆಮೇಲೆ ಅದು ಎಲ್ಲ ಜಿಲ್ಲೆಗಳಿಗೂ ಹಬ್ಬಿ, ವಾರಕ್ಕೆ ಎರಡು ದಿನವಾಯಿತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಜೊತೆ ಸರ್ಕಾರ ಮಾಡಿಕೊಂಡ ಒಪ್ಪಂದದ ಫಲವಾಗಿ ವಾರದ ಆರೂ ದಿನ ಮೊಟ್ಟೆ ಎಂದಾಯಿತು. ಶಿವಮೊಗ್ಗ, ಭದ್ರಾವತಿಯ ಶಾಲೆಗಳ ಅಡುಗೆಯವರು ಇಂದು ಒಂದು ಹೊತ್ತಿಗೆ ಬೇಯಿಸುವಷ್ಟು ಮೊಟ್ಟೆಯನ್ನು ನಮ್ಮ ಮನೆಗಳು ತಿಂಗಳಿಗೂ ತರುವುದಿಲ್ಲ. ಅಷ್ಟು ಮೊಟ್ಟೆ ಹಿಡಿಸುವ ಫ್ರಿಜ್ಜು ಶಾಲೆಯಲ್ಲಿ ಎಲ್ಲಿಂದ ಬರಬೇಕು? ಅವರ ಕೈಯಲ್ಲಿರುವುದು ಕಣ್ಣು, ಮೂಗು, ಒಂದು ಬಕೆಟ್ ನೀರು. ಇವು ಮೂರೂ ಯಾವಾಗ ನಿಜ ಹೇಳುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ತಿಳಿದುಕೊಳ್ಳುವುದು ಈ ಬರಹದ ಕೆಲಸ.

ಚಿಪ್ಪಿನ ಕಾವಲು

ಹಾಲು ಒಂದು ಮಧ್ಯಾಹ್ನದಲ್ಲಿ ಒಡೆಯುತ್ತದೆ, ಮೀನು ಸಂಜೆಯೊಳಗೆ ನಾರುತ್ತದೆ. ಮೊಟ್ಟೆ ಮಾತ್ರ ಅಂಗಡಿಯ ಹಲಗೆಯ ಮೇಲೆ ದಿನಗಟ್ಟಲೆ ಹೇಗೆ ತಡೆಯುತ್ತದೆ? ಅದು ಅಡುಗೆಗೆಂದು ಆದದ್ದಲ್ಲ ಎಂಬುದೇ ಉತ್ತರ. ಕೋಳಿ 21 ದಿನ ಮೈಕಾವಿನಲ್ಲಿ ಇಟ್ಟುಕೊಂಡರೂ ಒಳಗಿನ ಮರಿಗೆ ಸೋಂಕು ತಗುಲಬಾರದು. ಅದಕ್ಕೆ ಬೇಕಾದ ಏರ್ಪಾಡೆಲ್ಲ ಮೊಟ್ಟೆಯಲ್ಲಿ ಮೊದಲೇ ಇದೆ.

ಹೊರಗಿನ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನೋಡಲು ಗಟ್ಟಿ, ಆದರೆ ಕಣ್ಣಿಗೆ ಕಾಣದ 7,000ದಿಂದ 17,000 ರಂಧ್ರಗಳು ಅದರಲ್ಲಿವೆ, ಮರಿ ಉಸಿರಾಡಬೇಕಲ್ಲ. ಆ ರಂಧ್ರಗಳ ಬಾಯನ್ನು ಮುಚ್ಚಲು ಕೋಳಿ ಮೊಟ್ಟೆಯಿಡುವಾಗಲೇ ಒಂದು ತೆಳು ಲೇಪ ಹಚ್ಚಿ ಕಳಿಸುತ್ತದೆ. ಆಗ ತಾನೇ ಇಟ್ಟ ಮೊಟ್ಟೆಯ ಮೇಲಿನ ಪಸೆ ಎರಡು ನಿಮಿಷದಲ್ಲಿ ಆರುವುದನ್ನು ಕೋಳಿ ಸಾಕಿದವರೆಲ್ಲ ನೋಡಿರುತ್ತಾರೆ. ಆ ಪಸೆಯೇ ಮೊದಲ ಕಾವಲು. ಚಿಪ್ಪಿನ ಒಳಗೆ ಎರಡು ಪೊರೆಗಳಿವೆ. ಅದರಾಚೆ ಬಿಳಿ ಲೋಳೆ. ಅದರಲ್ಲಿರುವ ಲೈಸೋಝೈಮ್ ಎಂಬ ಕಿಣ್ವ ಅನೇಕ ಬ್ಯಾಕ್ಟೀರಿಯಾಗಳ ಗೋಡೆಯನ್ನೇ ಒಡೆಯುತ್ತದೆ. ಇನ್ನೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ಬಿಗಿಯಾಗಿ ಹಿಡಿದಿಟ್ಟು, ಒಳನುಗ್ಗಿದ ಸೂಕ್ಷ್ಮಜೀವಿಗೆ ಆಹಾರ ಸಿಗದಂತೆ ಮಾಡುತ್ತದೆ. ಪೌಷ್ಟಿಕಾಂಶವೆಲ್ಲ ತುಂಬಿರುವ ಹಳದಿ ನಡುವೆ ತೂಗಾಡಿಕೊಂಡು, ಚಿಪ್ಪಿನಿಂದ ಆದಷ್ಟು ದೂರ ಇರುತ್ತದೆ.

ಈ ಕಾವಲು ದಿನ ಕಳೆದಂತೆ ಸಡಿಲವಾಗುತ್ತದೆ. ರಂಧ್ರಗಳ ಮೂಲಕ ಒಳಗಿನ ಇಂಗಾಲದ ಡೈಆಕ್ಸೈಡೂ ನೀರಿನಂಶವೂ ಹೊರಹೋಗುತ್ತವೆ. ಬಿಳಿ ಲೋಳೆಯ ಕ್ಷಾರತೆ ಏರಿ, ದಪ್ಪಗಿದ್ದ ಲೋಳೆ ನೀರಾಗುತ್ತದೆ. ಹಳದಿಯ ಪೊರೆ ಸೊರಗುತ್ತದೆ. ನಡುವೆ ನಿಂತಿದ್ದ ಹಳದಿ ಜಾರಿ ಚಿಪ್ಪಿನ ಹತ್ತಿರ ಬರುತ್ತದೆ. ಇಷ್ಟಾದರೂ ಮೊಟ್ಟೆ ಕೆಟ್ಟಿತು ಎನ್ನಲಾಗದು, ಅದಕ್ಕೆ ವಯಸ್ಸಾಗಿದೆ ಅಷ್ಟೆ. ಕೊಳೆಯುವುದು ಬೇರೆಯೇ ಕಥೆ, ಅದು ಸೂಕ್ಷ್ಮಜೀವಿಗಳ ಕೆಲಸ. ವಯಸ್ಸು ಆ ಕೆಲಸಕ್ಕೆ ದಾರಿ ಮಾಡಿಕೊಡುತ್ತದೆ. ಬಿಸಿಲು, ತೇವ, ಬಿರುಕು ಸೇರಿದರೆ ಆ ದಾರಿ ಹೆದ್ದಾರಿಯಾಗುತ್ತದೆ.

ನೀರು ಹೇಳುವುದು ವಯಸ್ಸನ್ನು

ಅಜ್ಜಿಯಂದಿರ ಕಾಲದಿಂದ ನಡೆದುಬಂದ ನೀರಿನ ಪರೀಕ್ಷೆಯ ಗುಟ್ಟು ಇಲ್ಲೇ ಇದೆ. ಕೋಳಿಯ ಮೈಯಿಂದ ಹೊರಬಂದ ಬಿಸಿ ಮೊಟ್ಟೆ ತಣಿಯುವಾಗ ಒಳಗಿನ ದ್ರವ ಕುಗ್ಗಿ, ಅಗಲ ತುದಿಯಲ್ಲಿ ಎರಡು ಪೊರೆಗಳು ಬೇರ್ಪಟ್ಟು ಸಣ್ಣ ಗಾಳಿಗೂಡು ಆಗುತ್ತದೆ. ನೀರು ಆವಿಯಾದಂತೆ ಆ ಗೂಡು ದೊಡ್ಡದಾಗುತ್ತ ಹೋಗುತ್ತದೆ. ಆದ್ದರಿಂದ ಹೊಸ ಮೊಟ್ಟೆ ನೀರಿನ ತಳದಲ್ಲಿ ಅಡ್ಡ ಮಲಗುತ್ತದೆ. ಕೆಲವು ದಿನ ಕಳೆದದ್ದು ಅಗಲ ತುದಿಯನ್ನು ತುಸು ಎತ್ತುತ್ತದೆ. ಇನ್ನೂ ಹಳೆಯದು ಚೂಪು ತುದಿಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ತೀರಾ ಹಳೆಯದು ತೇಲುತ್ತದೆ.

ತೇಲಿದ್ದನ್ನು ಎಸೆಯುವುದು ಒಳ್ಳೆಯದೇ. ಎಡವಟ್ಟಾಗುವುದು ಮುಳುಗಿದ್ದರ ವಿಷಯದಲ್ಲಿ. ಮೊನ್ನೆ ಇಟ್ಟ ಮೊಟ್ಟೆಗೆ ಕೂದಲೆಳೆಯ ಬಿರುಕು ಬಿದ್ದು, ಬಿಸಿಲಲ್ಲಿ ಎರಡು ದಿನ ಕೂತು, ಒಳಗೆ ಕೊಳೆ ಶುರುವಾಗಿದ್ದರೂ ಅದು ಮುಳುಗಬಹುದು. ರೋಗಾಣು ಹೊತ್ತ ಮೊಟ್ಟೆಯಂತೂ ನೂರಕ್ಕೆ ನೂರು ಹೊಸ ಮೊಟ್ಟೆಯಂತೆಯೇ ಮುಳುಗುತ್ತದೆ. ಬಕೆಟ್ಟಿನ ನೀರು ತೂಗುವುದು ಗಾಳಿಗೂಡನ್ನು ಮಾತ್ರ. ಬ್ಯಾಕ್ಟೀರಿಯಾದ ಲೆಕ್ಕ ಅದಕ್ಕೆ ಗೊತ್ತಿಲ್ಲ.

ಇನ್ನೂ ಒಂದು ಮಾತಿದೆ. ನೀರಿನಲ್ಲಿ ಅದ್ದಿ ನೋಡಿದ ಮೊಟ್ಟೆಯನ್ನು ಮತ್ತೆ ಟ್ರೇಗೆ ಇಟ್ಟು ವಾರ ಕಾಯಬಾರದು. ಒದ್ದೆಯಾದ ಚಿಪ್ಪಿನ ಲೇಪ ಹಾಳಾಗಿ ರಂಧ್ರಗಳು ಬಾಯಿ ತೆರೆದಿರುತ್ತವೆ. ಈ ಪರೀಕ್ಷೆ ಒಲೆಯ ಮೇಲೆ ಪಾತ್ರೆ ಇಟ್ಟಾಗ ಮಾಡುವಂಥದ್ದು, ಸಂತೆಯಿಂದ ತಂದಾಗ ಮಾಡುವಂಥದ್ದಲ್ಲ.

ತಂದ ಕೂಡಲೇ ನೋಡಬೇಕೆಂದರೆ ಬೆಳಕಿನ ಪರೀಕ್ಷೆ ಉತ್ತಮ. ಕೋಣೆ ಕತ್ತಲು ಮಾಡಿ, ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ಮೊಟ್ಟೆಯ ಅಗಲ ತುದಿಯನ್ನು ಇಟ್ಟರೆ ಗಾಳಿಗೂಡಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅಗ್‌ಮಾರ್ಕ್ ‘ಎ’ ದರ್ಜೆಯ ಮೊಟ್ಟೆಯಲ್ಲಿ ಈ ಗೂಡಿನ ಆಳ 4 ಮಿಲಿಮೀಟರ್ ಮೀರಬಾರದು, ‘ಬಿ’ ದರ್ಜೆಯಲ್ಲಿ 8 ಮಿಲಿಮೀಟರ್. ಬಿರುಕಿದ್ದರೆ ಬೆಳಕು ಗೆರೆಯಾಗಿ ಹೊಳೆಯುತ್ತದೆ. ಒಳಗೆ ಕಪ್ಪು ಮೋಡ ಕವಿದಂತಿದ್ದರೆ ಅದನ್ನು ಒಡೆಯುವ ಸಾಹಸವೇ ಬೇಡ. ಕಂದು ಚಿಪ್ಪಿನ ಮೊಟ್ಟೆಯಲ್ಲಿ ಬೆಳಕು ಮಂದವಾಗಿ ಹಾಯುವುದರಿಂದ ಸ್ವಲ್ಪ ತಾಳ್ಮೆ ಬೇಕು.

ಅಲ್ಲಾಡಿಸಿ ಕಿವಿಗಿಟ್ಟುಕೊಳ್ಳುವ ರೂಢಿಯೂ ಇದೆ. ಒಳಗೆ ಗುಳುಗುಳು ಎಂದರೆ ಲೋಳೆ ನೀರಾಗಿದೆ, ಮೊಟ್ಟೆ ಹಳತು ಎಂದು ಅರ್ಥ. ಸದ್ದು ಬರಲಿಲ್ಲವೆಂದು ನೆಮ್ಮದಿಯಾಗಬೇಕಿಲ್ಲ.

ಕೊನೆಗೆ ಒಡೆದು ನೋಡುವುದು. ಇದಕ್ಕೊಂದು ಹಳೆಯ ಶಿಸ್ತಿದೆ: ಪ್ರತಿ ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ದೊಡ್ಡ ಪಾತ್ರೆಗೆ ಸುರಿಯುವುದು. ಹನ್ನೊಂದು ಒಳ್ಳೆಯ ಮೊಟ್ಟೆಗಳ ಮೇಲೆ ಹನ್ನೆರಡನೆಯ ಕೊಳೆತದ್ದು ಬಿದ್ದರೆ ಹನ್ನೆರಡೂ ಹೋದವು. ಹೊಸ ಮೊಟ್ಟೆ ತಟ್ಟೆಗೆ ಬಿದ್ದಾಗ ಹಳದಿ ಗುಮ್ಮಟದಂತೆ ಎದ್ದು ನಿಲ್ಲುತ್ತದೆ, ಅದರ ಸುತ್ತ ದಪ್ಪ ಲೋಳೆಯ ಕಟ್ಟೆ ಇರುತ್ತದೆ. ಲೋಳೆ ತುಸು ಮಬ್ಬಾಗಿದ್ದರೆ ಹೆದರುವುದು ಬೇಡ, ಇಂಗಾಲದ ಡೈಆಕ್ಸೈಡ್ ಇನ್ನೂ ಹೊರಹೋಗಿಲ್ಲ, ಮೊಟ್ಟೆ ಬಹಳ ಹೊಸದು ಎಂಬುದರ ಗುರುತು ಅದು. ಚುಕ್ಕೆಯಷ್ಟು ರಕ್ತ ಕಂಡರೂ ಅಪಾಯವಿಲ್ಲ; ಮೊಟ್ಟೆ ರೂಪುಗೊಳ್ಳುವಾಗ ಸಣ್ಣ ನಾಳವೊಂದು ಒಡೆದಿರುತ್ತದೆ, ಚಮಚದಲ್ಲಿ ತೆಗೆದರಾಯಿತು. ಲೋಳೆ ಹಸಿರು, ಗುಲಾಬಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಅದು ಬ್ಯಾಕ್ಟೀರಿಯಾದ ಕೈವಾಡ. ವಾಸನೆ ನೋಡಲೂ ಮುಂದಾಗದೆ ಎಸೆಯಬೇಕು. ಇನ್ನು ಕೊಳೆತ ಮೊಟ್ಟೆಯ ನಾತ ಹೈಡ್ರೋಜನ್ ಸಲ್ಫೈಡ್ ಅನಿಲದ್ದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆಯಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಆ ನಾತ ಬಂದ ಮೇಲೆ ಮಸಾಲೆ ಹಾಕಿ ಹುರಿದರೆ ಸರಿಹೋದೀತು ಎನ್ನುವ ಉಳಿತಾಯದ ಬುದ್ಧಿ ಬೇಡ.

ಬೇಸಿಗೆ ಮತ್ತು ನಾಟಿ ಮೊಟ್ಟೆ

ಮಲೆನಾಡಿನ ಹೆಬ್ಬಾಗಿಲು ಎಂದು ಕರೆಸಿಕೊಂಡರೂ ಶಿವಮೊಗ್ಗ ನಗರದ ಏಪ್ರಿಲ್ ಬಯಲುಸೀಮೆಯದೇ. ಹಗಲಿನ ತಾಪ 36–37 ಡಿಗ್ರಿ ದಾಟುವುದು ಇಲ್ಲಿ ಹೊಸತಲ್ಲ. ಭದ್ರಾವತಿಯ ತಗಡಿನ ಮಾಡಿನ ಮನೆಗಳ ಒಳಗಿನ ಸೆಕೆ ಅಲ್ಲಿರುವವರಿಗೇ ಗೊತ್ತು. ಕೋಳಿ ಕಾವು ಕೊಡುವ ಶಾಖವೂ ಹೆಚ್ಚೂಕಡಿಮೆ ಇಷ್ಟೇ, 37.5 ಡಿಗ್ರಿಯ ಆಸುಪಾಸು. ನಾಟಿ ಮೊಟ್ಟೆ ಕೊಳ್ಳುವವರು ಇದನ್ನು ನೆನಪಿಡಬೇಕು.

ಫಾರಂ ಮೊಟ್ಟೆಯಲ್ಲಿ ಜೀವಾಂಕುರ ಇರುವುದಿಲ್ಲ. ಆ ಶೆಡ್ಡುಗಳಲ್ಲಿ ಹುಂಜವೇ ಇಲ್ಲ. ಹಿತ್ತಲಲ್ಲಿ ಹುಂಜದ ಜೊತೆ ಮೇಯ್ದ ಕೋಳಿಯ ಮೊಟ್ಟೆ ಹಾಗಲ್ಲ, ಬಹುಪಾಲು ಫಲಿತಗೊಂಡಿರುತ್ತದೆ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು ಹಳ್ಳಿ ಹಳ್ಳಿಯ ಹಿತ್ತಲು ಸೇರಿದ ‘ಗಿರಿರಾಜ’ ತಳಿಗೂ ಹುಂಜ ಜೊತೆಗಿದ್ದರೆ ಇದೇ ಮಾತು. ಅಂಥ ಮೊಟ್ಟೆಯನ್ನು ಸುಮಾರು 20 ಡಿಗ್ರಿಗಿಂತ ತಂಪಿನಲ್ಲಿಟ್ಟರೆ ಅಂಕುರ ಮಲಗಿರುತ್ತದೆ. ಅದಕ್ಕಿಂತ ಬಿಸಿಯಾದರೆ ಅರೆಬರೆ ಎಚ್ಚರಗೊಂಡು ಬೆಳೆಯತೊಡಗುತ್ತದೆ, ಆದರೆ ಸಮನಾದ ಕಾವು ಸಿಗದೆ ಎರಡು ಮೂರು ದಿನಕ್ಕೆ ಸಾಯುತ್ತದೆ. ಒಡೆದಾಗ ಹಳದಿಯ ಮೇಲೆ ಕೆಂಪು ಉಂಗುರ ಕಾಣುವುದು ಅದಕ್ಕೇ. ಮೊದಲು ಹೇಳಿದ ಚುಕ್ಕೆ ರಕ್ತಕ್ಕೂ ಈ ಉಂಗುರಕ್ಕೂ ಸಂಬಂಧವಿಲ್ಲ. ಉಂಗುರ ಕಂಡ ಮೊಟ್ಟೆಯನ್ನು ಬಿಡುವುದೇ ಸರಿ.

ನಾಟಿ ಮೊಟ್ಟೆ ಎಂದರೆ ಹೊಸದು ಎಂಬ ನಂಬಿಕೆಯನ್ನೂ ಸ್ವಲ್ಪ ಪ್ರಶ್ನಿಸಬೇಕು. ಫಾರಂನಲ್ಲಿ ಒಂದು ದಿನದ ಮೊಟ್ಟೆ ಒಟ್ಟಿಗೇ ಹೊರಡುತ್ತದೆ. ಹಳ್ಳಿಯ ಮನೆಯಲ್ಲಿ ನಾಲ್ಕು ಕೋಳಿ ಇಟ್ಟದ್ದನ್ನು ದಿನಕ್ಕೊಂದು ಎರಡರಂತೆ ಕೂಡಿಟ್ಟು ಸಂತೆಯ ದಿನ ತರುತ್ತಾರೆ. ಒಂದೇ ಬುಟ್ಟಿಯಲ್ಲಿ ನಿನ್ನೆಯದೂ ಇರುತ್ತದೆ, ಹೋದ ಸಂತೆಯಲ್ಲಿ ಮಾರದೆ ಉಳಿದದ್ದೂ ಇರಬಹುದು. ಹಿಂದಿನವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ಮೊಟ್ಟೆಯನ್ನು ಅಕ್ಕಿ ಡಬ್ಬದೊಳಗೋ ರಾಗಿಯೊಳಗೋ ಬೂದಿಯೊಳಗೋ ಹೂತಿಡುತ್ತಿದ್ದರು. ಅಲ್ಲಿ ಗಾಳಿ ಕಡಿಮೆ, ತೇವ ಇಲ್ಲ, ಮೊಟ್ಟೆ ಮೊಟ್ಟೆಗೆ ತಾಗುವುದಿಲ್ಲ, ಹಗಲಿರುಳಿನ ತಾಪದ ಏರಿಳಿತವೂ ತಗ್ಗುತ್ತದೆ. ಇದ್ದಿಲಿನಿಂದ ಚಿಪ್ಪಿನ ಮೇಲೆ ಗುರುತು ಹಾಕುವ ಅಭ್ಯಾಸವೂ ಇತ್ತು. ಈಗ ಪೆನ್ಸಿಲ್ ಇದೆ. ಮನೆಗೆ ತಂದ ತಾರೀಕನ್ನು ಚಿಪ್ಪಿನ ಮೇಲೆ ಸಣ್ಣದಾಗಿ ಬರೆದಿಟ್ಟರೆ ಅರ್ಧ ಗೊಂದಲ ತಪ್ಪುತ್ತದೆ.

ಸುಣ್ಣದ ತಿಳಿನೀರಿನಲ್ಲಿ ಮೊಟ್ಟೆಯನ್ನು ಒಂದು ರಾತ್ರಿ ನೆನೆಸಿ ಒಣಗಿಸುವ ವಿಧಾನ ಕೋಳಿಸಾಕಣೆಯ ಪಾಠಗಳಲ್ಲಿ ಇಂದಿಗೂ ಇದೆ. ಸುಣ್ಣ ರಂಧ್ರಗಳಲ್ಲಿ ಕೂತು ಬಾಯಿ ಮುಚ್ಚುತ್ತದೆ. ತಿನ್ನುವ ಎಣ್ಣೆಯ ತೆಳು ಲೇಪ ಹಚ್ಚುವುದು ಇನ್ನೊಂದು ವಿಧಾನ. 54 ಡಿಗ್ರಿ ಬಿಸಿಯ ನೀರಿನಲ್ಲಿ 15 ನಿಮಿಷ ಇಟ್ಟು, ಚಿಪ್ಪಿಗೆ ತಾಗಿದ ಲೋಳೆಯ ತೆಳು ಪದರ ಮಾತ್ರ ಗಟ್ಟಿಯಾಗುವಂತೆ ಮಾಡುವುದು ಮಗದೊಂದು. ಇವೆಲ್ಲ ಹೊಸ ಮೊಟ್ಟೆಯ ಹೊಸತನವನ್ನು ಹಿಡಿದಿಡುವ ಉಪಾಯಗಳು. ಹಳೆಯದನ್ನು ಹೊಸದು ಮಾಡುವ ಉಪಾಯ ಯಾವ ಪಾಠದಲ್ಲೂ ಇಲ್ಲ.

ಮಳೆಗಾಲದ ಟ್ರೇ

ಜೂನ್ ಬಂತೆಂದರೆ ಶತ್ರು ಬದಲಾಗುತ್ತಾನೆ. ಸೆಕೆ ಹೋಗಿ ತೇವ ಬರುತ್ತದೆ. ತುಂಗೆ, ಭದ್ರೆ ಎರಡೂ ತುಂಬಿ ಹರಿಯುವ ದಿನಗಳಲ್ಲಿ ಬಟ್ಟೆಗೇ ಬೂಷ್ಟು ಹಿಡಿಯುವಾಗ ಮೊಟ್ಟೆಯ ಟ್ರೇಗೆ ಹಿಡಿಯದೆ ಇರುತ್ತದೆಯೇ? ಪೇಪರ್ ಟೌನ್ ಇರುವ ಭದ್ರಾವತಿಯವರಿಗೆ ಕಾಗದದ ತಿರುಳಿನ ಗುಣ ಹೇಳಿಕೊಡಬೇಕಾಗಿಲ್ಲ. ರದ್ದಿ ಕಾಗದದ ತಿರುಳಿನಿಂದಲೇ ಅಚ್ಚು ಹಾಕುವ ಈ ಬೂದು ಟ್ರೇ ಒಣಗಿದ್ದಾಗ ಮೊಟ್ಟೆಯ ಬೆವರನ್ನು ಹೀರಿಕೊಂಡು ಉಪಕಾರ ಮಾಡುತ್ತದೆ. ಒದ್ದೆಯಾದರೆ ಅದೇ ಟ್ರೇ ಬೂಷ್ಟಿನ ತೊಟ್ಟಿಲು. ಚಿಪ್ಪಿನ ಮೇಲೆ ಹತ್ತಿಯಂಥ ಬೂಷ್ಟಿನ ಎಳೆ ಕಂಡರೆ, ಅದರ ಬೇರು ರಂಧ್ರದೊಳಗೆ ಇಳಿದಿರಬಹುದು. ಒರೆಸಿ ಬಳಸುವುದು ತರವಲ್ಲ. ಒಂದು ಮೊಟ್ಟೆ ಒಡೆದು ಟ್ರೇಯ ಮೇಲೆ ಸುರಿದಿದ್ದರೆ ಉಳಿದವನ್ನು ಬೇರೆ ಒಣ ಟ್ರೇಗೆ ಸಾಗಿಸಿ, ಆ ಟ್ರೇಯನ್ನು ಬಿಸಾಡಬೇಕು.

ಮಳೆಗಾಲದಲ್ಲಿ ಕೆಸರು, ಹಿಕ್ಕೆ ಮೆತ್ತಿದ ಮೊಟ್ಟೆ ಹೆಚ್ಚು. ಕಂಡ ಕೂಡಲೇ ನಲ್ಲಿಯ ಕೆಳಗೆ ಹಿಡಿಯಬೇಕೆನಿಸುತ್ತದೆ. ತಣ್ಣೀರು ಬಿದ್ದಾಗ ಒಳಗಿನ ದ್ರವ ಕುಗ್ಗುತ್ತದೆ, ಕುಗ್ಗುವಾಗ ರಂಧ್ರಗಳ ಮೂಲಕ ಹೊರಗಿನ ಕೊಳೆನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಗಿನ ಕೊಳೆ ತೊಳೆಯಲು ಹೋಗಿ ಒಳಗೆ ಸೇರಿಸಿದಂತಾಗುತ್ತದೆ. ಒಣ ಬಟ್ಟೆಯಿಂದ ಒರೆಸಿಡಿ. ತೊಳೆಯಲೇಬೇಕೆಂದರೆ ಬೇಯಿಸುವ ಮುಂಚೆ, ಮೊಟ್ಟೆಗಿಂತ ಬೆಚ್ಚಗಿರುವ ನೀರಿನಲ್ಲಿ ತೊಳೆದು ತಕ್ಷಣ ಒಲೆಗೆ ಹಾಕಿ. ಕೊಳ್ಳುವಾಗಲೇ ಶುಭ್ರವಾದದ್ದನ್ನು ಆರಿಸಿಕೊಂಡರೆ ಈ ತಾಪತ್ರಯವೇ ಇಲ್ಲ.

ಫ್ರಿಜ್ಜಿನ ಒಳಗೋ ಹೊರಗೋ

ಅಮೆರಿಕದಲ್ಲಿರುವ ಮಗಳು ಮೊಟ್ಟೆ ಫ್ರಿಜ್ಜಿನಲ್ಲೇ ಇರಬೇಕು ಎನ್ನುತ್ತಾಳೆ, ಜರ್ಮನಿಯಿಂದ ಬಂದ ಅಳಿಯ ಅಲ್ಲಿ ಅಂಗಡಿಯಲ್ಲೇ ಹೊರಗಿಟ್ಟಿರುತ್ತಾರೆ ಎನ್ನುತ್ತಾನೆ. ಇಬ್ಬರ ಮಾತೂ ನಿಜ. ಅಮೆರಿಕದಲ್ಲಿ ಮಾರುಕಟ್ಟೆಗೆ ಬರುವ ಮೊಟ್ಟೆಯನ್ನು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಲೇಪ ಹೋಗುವುದರಿಂದ 7 ಡಿಗ್ರಿಯ ಆಸುಪಾಸಿನ ತಂಪು ಅಲ್ಲಿ ಕಡ್ಡಾಯ. ಯುರೋಪಿನಲ್ಲಿ ‘ಎ’ ದರ್ಜೆಯ ಮೊಟ್ಟೆಯನ್ನು ತೊಳೆಯುವುದು ಸಾಮಾನ್ಯವಾಗಿ ನಿಷಿದ್ಧ. ಲೇಪ ಉಳಿಯುವುದರಿಂದ ಹೊರಗಿಟ್ಟು ಮಾರುತ್ತಾರೆ. ಆದರೆ ಯುರೋಪಿನ ಹೊರಗು ನಮ್ಮ ಏಪ್ರಿಲ್ಲಿನ ಹೊರಗಲ್ಲ.

ಹೊರಗೆ ಒಂದು ದಿನ ಕಳೆದರೆ ಫ್ರಿಜ್ಜಿನಲ್ಲಿ ಒಂದು ವಾರ ಕಳೆದಷ್ಟು ಮೊಟ್ಟೆ ಮುದಿಯಾಗುತ್ತದೆ ಎಂಬುದೊಂದು ಸ್ಥೂಲ ಲೆಕ್ಕ. ಫ್ರಿಜ್ ಇದ್ದವರು ಅದರಲ್ಲೇ ಇಡುವುದು ಮೇಲು. ಎಲ್ಲಿ ಎಂಬುದು ಮುಖ್ಯ. ಬಾಗಿಲಿನಲ್ಲಿ ಮೊಟ್ಟೆಗೆಂದೇ ಗುಳಿಗಳನ್ನು ಮಾಡಿರುತ್ತಾರೆ. ಆದರೆ ಬಾಗಿಲು ತೆರೆದಾಗಲೆಲ್ಲ ಅಲ್ಲಿ ತಾಪ ಏರಿಳಿಯುತ್ತದೆ, ಮೊಟ್ಟೆ ಕುಲುಕುತ್ತದೆ. ಒಳಗಿನ ತಟ್ಟೆಯ ಮೇಲೆ, ಮುಚ್ಚಳವಿರುವ ಡಬ್ಬದಲ್ಲಿ, ಚೂಪು ತುದಿ ಕೆಳಗೆ ಮಾಡಿ ಇಡಬೇಕು. ಆಗ ಗಾಳಿಗೂಡು ಮೇಲಿರುತ್ತದೆ, ಹಳದಿ ನಡುವೆ ಉಳಿಯುತ್ತದೆ. ಮುಚ್ಚಳ ಏಕೆಂದರೆ ರಂಧ್ರಗಳು ವಾಸನೆಯನ್ನೂ ಹೀರುತ್ತವೆ. ಹಲಸಿನ ತೊಳೆಯನ್ನೋ ಒಣಮೀನನ್ನೋ ಬಿಚ್ಚಿಟ್ಟ ಫ್ರಿಜ್ಜಿನಲ್ಲಿ ಎರಡು ದಿನವಿದ್ದ ಮೊಟ್ಟೆಯ ಆಮ್ಲೆಟ್ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಳಗಿಟ್ಟದ್ದನ್ನು ಹೊರಗಿಟ್ಟು ಮತ್ತೆ ಒಳಗಿಡಬಾರದು ಎಂಬುದೇ ಇಲ್ಲಿನ ಮುಖ್ಯ ನಿಯಮ. ತಣ್ಣಗಿನ ಮೊಟ್ಟೆ ಸೆಕೆಗೆ ಬಂದೊಡನೆ ಚಿಪ್ಪಿನ ಮೇಲೆ ಹನಿ ಕಟ್ಟುತ್ತದೆ. ಆ ಹನಿಯಲ್ಲಿ ಬ್ಯಾಕ್ಟೀರಿಯಾ ಈಜಿಕೊಂಡು ರಂಧ್ರ ಸೇರುತ್ತದೆ. ಎರಡು ಬೇಕಾದರೆ ಎರಡನ್ನೇ ತೆಗೆಯಿರಿ, ಇಡೀ ಡಬ್ಬ ಹೊರಗೆ ಬರುವುದು ಬೇಡ. ಮಳೆಗಾಲದ ರಾತ್ರಿ ಕರೆಂಟ್ ಹೋಗಿ ಬೆಳಗಾದರೂ ಬಾರದಿದ್ದರೆ, ಬಾಗಿಲು ತೆಗೆಯದೆ ಬಿಡಿ. ಆ ಮೊಟ್ಟೆಗಳನ್ನು ಮೊದಲು ಬಳಸಿ ಮುಗಿಸಿ.

ಫ್ರಿಜ್ ಇಲ್ಲದ ಮನೆಗೆ ಸರಳ ಸೂತ್ರವಿದೆ: ಕಡಿಮೆ ತನ್ನಿ, ಬೇಗ ಮುಗಿಸಿ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕಾಗುವಷ್ಟು, ಚಳಿಗಾಲದಲ್ಲಿ ವಾರಕ್ಕಾಗುವಷ್ಟು. ಒಲೆಯಿಂದ, ಕಿಟಕಿಯ ಬಿಸಿಲಿನಿಂದ ದೂರ, ನೆಲಕ್ಕೆ ಹತ್ತಿರದ ತಂಪು ಮೂಲೆಯಲ್ಲಿ ಇಡಿ. ಟ್ರೇ ಲೆಕ್ಕದಲ್ಲಿ ಕೊಂಡರೆ ಒಂದೆರಡು ರೂಪಾಯಿ ಉಳಿಯುತ್ತದೆ ಎಂಬ ಆಸೆಗೆ ಮೂವತ್ತು ತಂದು ಆರು ಎಸೆದರೆ ಉಳಿದದ್ದೇನು?

ಮೂಗಿಗೆ ಸಿಗದ ಶತ್ರು

ಇಲ್ಲಿಯವರೆಗಿನದು ಕಣ್ಣಿಗೆ ಕಾಣುವ, ಮೂಗಿಗೆ ಸಿಗುವ ಕೆಡುಕಿನ ಮಾತು. ಜನರನ್ನು ಆಸ್ಪತ್ರೆಗೆ ಸೇರಿಸುವುದು ಸಾಮಾನ್ಯವಾಗಿ ಅದಲ್ಲ. ಕೊಳೆತ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ, ನಾತವೇ ತಡೆಯುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದು ಹಿಕ್ಕೆಯ ಮೂಲಕ ಚಿಪ್ಪಿನ ಮೇಲೆ ಬರಬಹುದು. ಅದರ ಒಂದು ಬಗೆ ಕೋಳಿಯ ಅಂಡಾಶಯದಲ್ಲೇ ನೆಲೆಸಿ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರುತ್ತದೆ. ಅಂಥ ಮೊಟ್ಟೆ ನೀರಲ್ಲಿ ಮುಳುಗುತ್ತದೆ, ಬೆಳಕಿಗೆ ಹಿಡಿದರೆ ಸ್ವಚ್ಛ ಕಾಣುತ್ತದೆ, ಒಡೆದರೆ ಹಳದಿ ಗುಮ್ಮಟದಂತೆ ನಿಲ್ಲುತ್ತದೆ. ಎಲ್ಲ ಪರೀಕ್ಷೆಯಲ್ಲೂ ಪಾಸು.

ಈ ವಿಷಯ ಬ್ರಿಟನ್ನಿನಲ್ಲಿ ಒಬ್ಬ ಸಚಿವೆಯ ಕುರ್ಚಿಯನ್ನೇ ಉರುಳಿಸಿತು. 1988ರ ಡಿಸೆಂಬರಿನಲ್ಲಿ ಅಲ್ಲಿನ ಕಿರಿಯ ಆರೋಗ್ಯ ಸಚಿವೆ ಎಡ್ವಿನಾ ಕರಿ, ದೇಶದ ಬಹುಪಾಲು ಮೊಟ್ಟೆ ಉತ್ಪಾದನೆಗೆ ಸಾಲ್ಮೊನೆಲ್ಲಾ ತಗುಲಿದೆ ಎಂದುಬಿಟ್ಟರು. ಮೊಟ್ಟೆ ವ್ಯಾಪಾರ ನೆಲಕಚ್ಚಿತು, ಎರಡು ವಾರದಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಆದರೆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1998ರಿಂದ ಸಿಂಹದ ಮುದ್ರೆಯ ಯೋಜನೆಯಡಿ ಕೋಳಿಗಳಿಗೆ ಲಸಿಕೆ ಹಾಕತೊಡಗಿದರು. 2017ರಲ್ಲಿ ಅಲ್ಲಿನ ಆಹಾರ ಗುಣಮಟ್ಟ ಸಂಸ್ಥೆ, ಆ ಮುದ್ರೆಯ ಮೊಟ್ಟೆಯನ್ನು ಅರೆಬೆಂದದ್ದಾದರೂ ಗರ್ಭಿಣಿಯರು, ಮಕ್ಕಳು ತಿನ್ನಬಹುದು ಎಂದು ಹೇಳುವಷ್ಟು ಪರಿಸ್ಥಿತಿ ಬದಲಾಯಿತು.

ನಮ್ಮ ಟ್ರೇಯ ಮೊಟ್ಟೆಗೆ ಅಂಥ ಮುದ್ರೆಯಿಲ್ಲ. ಆದ್ದರಿಂದ ನಮಗೆ ಬೆಂಕಿಯೇ ಗತಿ. ಒಳಗಿನ ಶಾಖ 71 ಡಿಗ್ರಿ ದಾಟಿದರೆ ಸಾಲ್ಮೊನೆಲ್ಲಾ ಬದುಕುವುದಿಲ್ಲ. ಥರ್ಮಾಮೀಟರ್ ಬೇಕಿಲ್ಲ, ಹಳದಿ ಹರಿಯದೆ ಗಟ್ಟಿಯಾಗಿದ್ದರೆ ಸಾಕು. ರಾತ್ರಿ ಗಾಡಿಯಲ್ಲಿ ಹಾಫ್ ಬಾಯ್ಲ್ ಇಷ್ಟಪಡುವವರು ಆರೋಗ್ಯವಂತ ವಯಸ್ಕರಾದರೆ ಅದು ಅವರ ಆಯ್ಕೆ. ಬಸುರಿ, ಪುಟ್ಟ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಎದ್ದವರಿಗೆ ಬೇಡ. ಬೆಳೆಯುವ ಹುಡುಗರಿಗೆ, ಗರಡಿಗೆ ಹೋಗುವವರಿಗೆ ಹಸಿ ಮೊಟ್ಟೆಯನ್ನು ಹಾಲಿಗೆ ಒಡೆದು ಕುಡಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದರಿಂದ ಬಲವೂ ಹೆಚ್ಚುವುದಿಲ್ಲ. ಬೆಲ್ಜಿಯಂನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇ 90ರಷ್ಟು ಮೈಗೆ ಹತ್ತಿದರೆ, ಹಸಿಯದು ಹತ್ತಿದ್ದು ಶೇ 50ರಷ್ಟು ಮಾತ್ರ.

ಹಸಿ ಮೊಟ್ಟೆ ಈಗ ಇನ್ನೊಂದು ವೇಷದಲ್ಲಿ ನಮ್ಮ ಬೀದಿಗೆ ಬಂದಿದೆ. ಶವರ್ಮಾ, ಮೊಮೊ, ಸ್ಯಾಂಡ್‌ವಿಚ್ಚುಗಳ ಜೊತೆ ಬರುವ ಮಯೋನೀಸ್ ಅದು. ಎಣ್ಣೆ ಮತ್ತು ಹಸಿ ಹಳದಿಯನ್ನು ಕಡೆದು ಮಾಡಿದ ಈ ಬಿಳಿ ಪೇಸ್ಟು ಸೆಕೆಯಲ್ಲಿ ಗಂಟೆಗಟ್ಟಲೆ ಕೂತರೆ ಸಾಲ್ಮೊನೆಲ್ಲಾಗೆ ಹಬ್ಬದೂಟ. 2023ರಲ್ಲಿ ಕೇರಳ, 2024ರಲ್ಲಿ ತೆಲಂಗಾಣ, 2025ರಲ್ಲಿ ತಮಿಳುನಾಡು ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿದ್ದು ಇದೇ ಕಾರಣಕ್ಕೆ. ಬಿ.ಎಚ್. ರಸ್ತೆಯ ಗಾಡಿಯ ಮುಂದೆ ನಿಂತಾಗ ‘ಇದು ಮೊಟ್ಟೆಯದಾ, ಮೊಟ್ಟೆ ಇಲ್ಲದ್ದಾ, ಯಾವಾಗ ಮಾಡಿದ್ದು?’ ಎಂದು ಕೇಳಲು ನಾಚಿಕೆ ಬೇಡ.

ಬೆಂದ ಮೇಲೆ ಆಯುಸ್ಸು ಕಡಿಮೆ

ಬೇಯಿಸಿದರೆ ಹೆಚ್ಚು ದಿನ ಬರುತ್ತದೆ ಎಂದುಕೊಳ್ಳುವವರಿದ್ದಾರೆ. ಆಗುವುದು ತದ್ವಿರುದ್ಧ. ಕುದಿಯುವ ನೀರಿನಲ್ಲಿ ಚಿಪ್ಪಿನ ಲೇಪ ತೊಳೆದುಹೋಗುತ್ತದೆ, ಲೋಳೆಯ ಕಾವಲಿನ ಕಿಣ್ವಗಳು ಬೆಂದು ಕೆಲಸ ನಿಲ್ಲಿಸುತ್ತವೆ. ಆಮೇಲೆ ಒಳಹೊಕ್ಕ ಬ್ಯಾಕ್ಟೀರಿಯಾಗೆ ತಡೆಯೇ ಇಲ್ಲ. ಫ್ರಿಜ್ಜಿನಲ್ಲಿ ಬೇಯಿಸಿದ ಮೊಟ್ಟೆ ಒಂದು ವಾರ ತಡೆದೀತು. ಹೊರಗೆ ಎರಡು ಗಂಟೆ, 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯವರು ಹೇಳುವ ಮಿತಿ. ಬೆಳಿಗ್ಗೆ ಏಳಕ್ಕೆ ಬೇಯಿಸಿ, ಸುಲಿದು, ಬುತ್ತಿಗೆ ಹಾಕಿ, ಮಧ್ಯಾಹ್ನ ಒಂದೂವರೆಗೆ ತಿನ್ನುವ ಮೊಟ್ಟೆ ಆ ಮಿತಿಯನ್ನು ಎಷ್ಟು ಸಲ ದಾಟಿರುತ್ತದೆ ಲೆಕ್ಕ ಹಾಕಿ. ಬುತ್ತಿಗೆ ಹಾಕಲೇಬೇಕೆಂದರೆ ಸುಲಿಯದೆ, ಪೂರ್ತಿ ಆರಿಸಿ ಒಣಗಿಸಿ ಹಾಕಿ.

ಭದ್ರಾವತಿ ಮೊದಲಿನಿಂದಲೂ ಪಾಳಿಯ ಊರು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕುಲುಮೆ ಹಚ್ಚಿದ ಮೇಲೆ, 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾದ ಮೇಲೆ, ಇಲ್ಲಿ ಊಟದ ಹೊತ್ತು ಸೂರ್ಯನನ್ನು ಕೇಳಿ ನಡೆಯಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹಸಿದವನಿಗೆ ಬೇಯಿಸಿದ ಮೊಟ್ಟೆ, ಆಮ್ಲೆಟ್, ಎಗ್ ರೈಸ್‌ನಂಥ ತಿಂಡಿಗಿಂತ ಬೇಗ ಸಿಗುವುದು ಯಾವುದಿದೆ? ಕಾರ್ಖಾನೆಗಳ ಸೈರನ್ನು ಕ್ಷೀಣಿಸಿದರೂ ಸಂಜೆಯ ಗಾಡಿಗಳು ಉಳಿದಿವೆ. ಅಲ್ಲಿ ಗಮನಿಸಬೇಕಾದದ್ದು ಎರಡು. ಮೊಟ್ಟೆಯನ್ನು ನಿಮ್ಮೆದುರೇ ಒಡೆದು ಕಾವಲಿಗೆ ಹಾಕುತ್ತಾರೋ, ಸಂಜೆಯೇ ಒಡೆದು ಜಗ್ಗಿನಲ್ಲಿ ಕಲಕಿಟ್ಟದ್ದನ್ನು ಸುರಿಯುತ್ತಾರೋ? ಹಸಿ ಮೊಟ್ಟೆ ಒಡೆದ ಕೈಯಲ್ಲೇ ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಉದುರಿಸುತ್ತಾರೋ? ಕಲಕಿಟ್ಟ ಜಗ್ಗಿನಲ್ಲಿ ಒಂದು ಕೆಟ್ಟ ಮೊಟ್ಟೆ ನೂರಕ್ಕೆ ಹಂಚಿಹೋಗುತ್ತದೆ.

ಬಿರುಕು ಬಿಟ್ಟ ಮೊಟ್ಟೆ ಅಗ್ಗಕ್ಕೆ ಸಿಗುತ್ತದೆ. ಅಂಗಡಿಯಲ್ಲಿ ಆ ಅಗ್ಗದ ರಾಶಿಯನ್ನು ಮುಟ್ಟಬೇಡಿ. ಮನೆಗೆ ತರುವಾಗ ನಿಮ್ಮ ಕೈಯಲ್ಲೇ ಬಿರುಕು ಬಿಟ್ಟಿದ್ದರೆ ಮಾತ್ರ, ಆಗಲೇ ಒಡೆದು ಗಟ್ಟಿಯಾಗಿ ಬೇಯಿಸಿ ತಿನ್ನಬಹುದು.

ಬೇಯಿಸಿದ ಮೊಟ್ಟೆಯ ಹಳದಿಯ ಸುತ್ತ ಬೂದು-ಹಸಿರು ಉಂಗುರ ನೋಡಿ ಮಕ್ಕಳು ಮುಖ ಸಿಂಡರಿಸುವುದುಂಟು. ಅದು ವಿಷವಲ್ಲ. ಹೆಚ್ಚು ಹೊತ್ತು ಕುದಿಸಿದಾಗ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿ ಆದ ಬಣ್ಣ. ಕುದಿ ಬಂದ ಹತ್ತು–ಹನ್ನೆರಡು ನಿಮಿಷಕ್ಕೆ ಇಳಿಸಿ ತಣ್ಣೀರಿಗೆ ಹಾಕಿದರೆ ಉಂಗುರವೂ ಕಾಣದು, ಸುಲಿಯುವುದೂ ಸುಲಭ. ಸುಲಿಯುವಾಗ ಬಿಳಿ ಕಿತ್ತುಬಂದರೆ ಬೇಸರಪಡಬೇಡಿ, ಮೊಟ್ಟೆ ಹೊಸದು ಎಂಬ ಗುರುತು ಅದು. ಕ್ಷಾರತೆ ಏರಿದ ಹಳೆಯ ಮೊಟ್ಟೆಯೇ ಸಲೀಸಾಗಿ ಸುಲಿಯುತ್ತದೆ.

ಎಸೆಯುವ ಸ್ವಾತಂತ್ರ್ಯ ಯಾರಿಗಿದೆ?

ಇಷ್ಟೆಲ್ಲ ತಿಳಿದ ಮೇಲೂ ಒಂದು ತೊಡಕು ಉಳಿಯುತ್ತದೆ. ಮನೆಯಲ್ಲಿ ಅನುಮಾನ ಬಂದ ಮೊಟ್ಟೆಯನ್ನು ಎಸೆದರೆ ಹೋಗುವುದು ಏಳೆಂಟು ರೂಪಾಯಿ, ಯಾರೂ ಲೆಕ್ಕ ಕೇಳುವುದಿಲ್ಲ. ಶಾಲೆಯ ಅಡುಗೆಕೋಣೆಯಲ್ಲಿ ಹಾಗಲ್ಲ. ಅಲ್ಲಿ ಮೊಟ್ಟೆ ತಲೆಯೆಣಿಕೆಗೆ ಸರಿಯಾಗಿ ಬರುತ್ತದೆ. ಕೊಳ್ಳುವ ಬೆಲೆ, ಇಂಧನ, ಸುಲಿಯುವ ಕೂಲಿ ಎಲ್ಲ ಸೇರಿ ಮೊಟ್ಟೆಯೊಂದಕ್ಕೆ 6 ರೂಪಾಯಿ ಎಂಬ ಲೆಕ್ಕದಲ್ಲಿ ಈ ಯೋಜನೆ ನಡೆಯತೊಡಗಿತು. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಮೈಸೂರು, ಹೊಸಪೇಟೆ, ಬೆಂಗಳೂರಿನಂಥ ಕೇಂದ್ರಗಳಿಗೆ ಪ್ರತಿದಿನ ದರ ಪ್ರಕಟಿಸುತ್ತದೆ. ಆ ದರ ಚಳಿಗಾಲದಲ್ಲಿ ಏರುತ್ತದೆ, ಶಾಲೆಯ ದರ ಹಾಗೆ ದಿನದಿನಕ್ಕೆ ಏರುವುದಿಲ್ಲ. ನಡುವಿನ ವ್ಯತ್ಯಾಸವನ್ನು ಮುಖ್ಯಶಿಕ್ಷಕರು ಜೇಬಿನಿಂದ ತುಂಬಬೇಕಾಗಿದೆ ಎಂಬ ದೂರು ರಾಜ್ಯದ ಹಲವೆಡೆಯಿಂದ ಪತ್ರಿಕೆಗಳಲ್ಲಿ ಬಂದಿದೆ.

ಇಂಥ ಬಿಗಿಯಲ್ಲಿ ನೂರು ಮಕ್ಕಳಿಗೆ ನೂರೇ ಮೊಟ್ಟೆ ಬಂದು, ಅದರಲ್ಲಿ ನಾಲ್ಕು ತೇಲಿದರೆ ಅಡುಗೆಯವರು ಏನು ಮಾಡಬೇಕು? ನಾಲ್ಕು ಮಕ್ಕಳಿಗೆ ಇಲ್ಲ ಎನ್ನಬೇಕೋ, ‘ಇರಲಿ, ಬೆಂದರೆ ಸರಿಹೋಗುತ್ತದೆ’ ಎಂದು ಕಣ್ಣುಮುಚ್ಚಬೇಕೋ? ಒಳ್ಳೆಯ ಮನಸ್ಸಿನವರನ್ನೂ ಕೆಟ್ಟ ತೀರ್ಮಾನಕ್ಕೆ ತಳ್ಳುವ ಲೆಕ್ಕ ಇದು. ತರಬೇತಿ ಕೊಟ್ಟು, ಗೋಡೆಗೆ ಸೂಚನಾಪಟ್ಟಿ ಅಂಟಿಸಿದ ಮಾತ್ರಕ್ಕೆ ಈ ಲೆಕ್ಕ ಸರಿಹೋಗದು.

ಸರಿಮಾಡಲು ದೊಡ್ಡ ಯಂತ್ರವೂ ಬೇಕಾಗಿಲ್ಲ. ನೂರಕ್ಕೆ ನಾಲ್ಕೈದು ಮೊಟ್ಟೆ ಒಡೆಯುತ್ತದೆ, ಕೆಡುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಅಷ್ಟು ಹೆಚ್ಚುವರಿಗೆ ಹಣ ಕೊಡುವುದು. ವಾರಕ್ಕೊಮ್ಮೆ ಟ್ರೇಗಟ್ಟಲೆ ತಂದು ಮೂಲೆಯಲ್ಲಿ ಪೇರಿಸುವ ಬದಲು, ಎರಡು ಮೂರು ದಿನಕ್ಕೊಮ್ಮೆ ಹತ್ತಿರದ ಅಂಗಡಿಯಿಂದ ತರಲು ಅನುಕೂಲ ಮಾಡುವುದು. ಕೆಟ್ಟದ್ದನ್ನು ಬದಲಿಸಿ ಕೊಡುವುದು ಮಾರಿದವರ ಹೊಣೆ ಎಂದು ಬರಹದಲ್ಲಿ ಇರಿಸುವುದು. ಎಸೆದ ಮೊಟ್ಟೆಯ ಲೆಕ್ಕವನ್ನು ಅಡುಗೆಯವರು ಅಂಜಿಕೆಯಿಲ್ಲದೆ ಬರೆದಿಡುವುದು. ಯಾವ ತಿಂಗಳು, ಯಾವ ಕಡೆಯಿಂದ ಬಂದ ಮೊಟ್ಟೆ ಹೆಚ್ಚು ಕೆಟ್ಟಿತು ಎಂಬುದು ಆ ಪುಸ್ತಕವೇ ಹೇಳುತ್ತದೆ.

ನೀರಿನ ಪರೀಕ್ಷೆ, ಬೆಳಕಿನ ಪರೀಕ್ಷೆ, ಮೂಗಿನ ಪರೀಕ್ಷೆ ಎಲ್ಲವನ್ನೂ ಅರ್ಧ ಗಂಟೆಯಲ್ಲಿ ಯಾರಿಗಾದರೂ ಕಲಿಸಬಹುದು. ಅನುಮಾನ ಬಂದಾಗ ಎಸೆಯುವ ಧೈರ್ಯ ಮಾತ್ರ ಕಲಿಸಿ ಬರುವಂಥದ್ದಲ್ಲ. ಎಸೆದವರ ಕೈಯಿಂದ ಕಾಸು ಹೋಗುವುದಿಲ್ಲ ಎಂಬ ಭರವಸೆಯಿದ್ದಲ್ಲಿ ಅದು ತಾನಾಗಿ ಬರುತ್ತದೆ. ಮೊಟ್ಟೆ ಕೊಡುವ ಯೋಜನೆಗೆ ಕೋಟಿಗಟ್ಟಲೆ ತೆಗೆದಿಟ್ಟ ನಾಡಿಗೆ, ನೂರಕ್ಕೆ ನಾಲ್ಕು ಮೊಟ್ಟೆಯ ಈ ಭರವಸೆ ಹೊರೆಯಾಗಬಾರದು.